ಹೊಲದ ತ್ಯಾಜ್ಯದಿಂದ ಎಣ್ಣೆ: ಆರು ಅನುಭವದ ಪಾಠಗಳು

ಮೆಕ್ಕೆಜೋಳದ ದಿಂಡು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಪುಡಿಯನ್ನು ಗಾಳಿ ಸೋಕದಂತೆ ಥಟ್ಟನೆ ಕಾಯಿಸಿ, ಎದ್ದ ಆವಿಯನ್ನು ಕೂಡಲೇ ತಣಿಸಿದರೆ ಕಪ್ಪುಗಂದು ಬಣ್ಣದ ಬಯೋ ಆಯಿಲ್ ಸಿಗುತ್ತದೆ. ಹೀಗೆ ಎಣ್ಣೆ ತೆಗೆಯುವ ಪೈರಾಲಿಸಿಸ್ ಘಟಕದ ಕೆಲಸ ನನಗೆ ಕಲಿಸಿದ್ದಿಷ್ಟು:

1. ಒಣಗಿಸುವುದೇ ಅರ್ಧ ಕೆಲಸ. ತೇವಾಂಶ ಶೇ 10ರೊಳಗಿರಲಿ. ಪುಡಿಯಲ್ಲಿ ಉಳಿದ ನೀರು ಎಣ್ಣೆಗೇ ಸೇರುತ್ತದೆ. ಕಾಯುವಾಗ ಹುಟ್ಟುವ ನೀರು ಬೇರೆ. ಸುಗ್ಗಿಯ ಬಿಸಿಲು ಇರುವಾಗಲೇ ಒಣಗಿಸಿ ಸೂರಿನಡಿ ಸೇರಿಸಿ.

2. ಬೂದಿ ನೋಡಿ ಕೊಳ್ಳಿ. ಭತ್ತದ ಹುಲ್ಲಿನಲ್ಲಿ ಬೂದಿ ಹೆಚ್ಚು, ಮೆಕ್ಕೆಜೋಳದ ದಿಂಡಿನಲ್ಲಿ ಕಡಿಮೆ. ಬೂದಿಯ ಪೊಟ್ಯಾಸಿಯಂ ಆವಿಯನ್ನು ಒಡೆಯುತ್ತದೆ. ಎಣ್ಣೆ ತಗ್ಗಿ ಇದ್ದಿಲು, ಅನಿಲ ಹೆಚ್ಚುತ್ತವೆ. ಬೇರಿಗಂಟಿದ ಮಣ್ಣನ್ನು ಹೊಲದಲ್ಲೇ ಕೊಡವಿಸಿ.

3. ವೇಗದಲ್ಲಿ ರಾಜಿ ಬೇಡ. ಪುಡಿ 2–3 ಮಿ.ಮೀ., ಶಾಖ ಸುಮಾರು 500 ಡಿಗ್ರಿ ಸೆಲ್ಸಿಯಸ್. ಆವಿ 2 ಸೆಕೆಂಡಿನೊಳಗೆ ತಣಿಯಬೇಕು. ಒಳ್ಳೆಯ ಮರದ ಪುಡಿ ತೂಕದ ಶೇ 60–75ರಷ್ಟು ಎಣ್ಣೆ ಕೊಡುತ್ತದೆ. ಹೊಲದ ತ್ಯಾಜ್ಯದಿಂದ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಲೆಕ್ಕ ಹಾಕುವಾಗ ನೆನಪಿರಲಿ.

4. ಇದನ್ನು ಡೀಸೆಲ್ ಎಂದು ಮಾರಬೇಡಿ. ಇದರಲ್ಲಿ ನೀರೇ ಶೇ 15–30. ಕಿಲೋಗೆ ಸಿಗುವ ಶಾಖ ಫರ್ನೇಸ್ ಆಯಿಲ್‌ನ ಅರ್ಧಕ್ಕೂ ಕಡಿಮೆ. ಡೀಸೆಲ್ ಜೊತೆ ಬೆರೆಯುವುದೂ ಇಲ್ಲ. ಆಮ್ಲೀಯವಾದ್ದರಿಂದ ಸಾದಾ ಕಬ್ಬಿಣವನ್ನು ತಿನ್ನುತ್ತದೆ. ಟ್ಯಾಂಕು, ಪೈಪು ಸ್ಟೇನ್‌ಲೆಸ್ ಸ್ಟೀಲಿನವೇ ಆಗಲಿ. ತಕ್ಕ ಬರ್ನರ್ ಹಾಕಿದ ಬಾಯ್ಲರ್, ಕುಲುಮೆಗಳೇ ಇದರ ಮೊದಲ ಗಿರಾಕಿ. ವಾಹನದ ಇಂಧನವಾಗಬೇಕಾದರೆ ಹೈಡ್ರೋಜನ್ ಮತ್ತು ವೇಗವರ್ಧಕದ ಸಂಸ್ಕರಣೆ ಬೇಕು. ಅದು ರಿಫೈನರಿಯ ಕೆಲಸ.

5. ಕೂಡಿಡಬೇಡಿ. ದಿನ ಕಳೆದಂತೆ ಎಣ್ಣೆ ಮಂದವಾಗಿ, ಪದರಗಳಾಗಿ ಒಡೆಯುತ್ತದೆ. ಬಿಸಿ ತಾಗಿದರೆ ಇನ್ನೂ ಬೇಗ; ಭಟ್ಟಿ ಇಳಿಸಲು ಹೋದರೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಸ್ವಲ್ಪ ಮೆಥನಾಲ್ ಬೆರೆಸಿದರೆ ಕೆಡುವುದು ನಿಧಾನವಾಗುತ್ತದೆ. ಬೇಡಿಕೆ ನೋಡಿಯೇ ಘಟಕ ನಡೆಸಿ.

6. ಇದ್ದಿಲು, ಅನಿಲ ಎರಡೂ ಆದಾಯವೇ. ಅನಿಲ ಉರಿಸಿದರೆ ಘಟಕಕ್ಕೆ ಬೇಕಾದ ಶಾಖಕ್ಕೆ ಒದಗುತ್ತದೆ; ಇದ್ದಿಲು ಮಣ್ಣಿಗೂ ಆಗುತ್ತದೆ, ಉರುವಲಿಗೂ ಆಗುತ್ತದೆ. ಬಿಸಿ ಇದ್ದಿಲು ಗಾಳಿಗೆ ತೆರೆದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಡಬ್ಬದಲ್ಲೇ ಆರಿಸಿ. ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಸೋರಿಕೆ ಸೂಚಕವಿಲ್ಲದೆ ಒಳಗೆ ಯಾರನ್ನೂ ದುಡಿಸಬೇಡಿ.

ಹೊಸದಾಗಿ ಘಟಕ ಹಾಕುವವರಲ್ಲಿ ನನ್ನ ಕೋರಿಕೆ ಇಷ್ಟೇ: ದನಕರುಗಳ ಮೇವಿಗೆ ಕೈ ಹಾಕಬೇಡಿ. ರೈತರು ಹೊಲದಲ್ಲೇ ಸುಡುವ ಕಟ್ಟಿಗೆಯನ್ನು ಸುತ್ತಲಿನ ಹಳ್ಳಿಗಳಿಂದಲೇ, ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಿ. ಯಂತ್ರಕ್ಕೆ ಹಣ ಹಾಕುವ ಮುನ್ನ ಆ ಹಳ್ಳಿಗಳನ್ನು ಒಮ್ಮೆ ಸುತ್ತಿ ಬನ್ನಿ.