ಹಳೆಯ ಕೇಮನ್ ಕಾರು: ಮಾರಲೇ, ಇಟ್ಟುಕೊಳ್ಳಲೇ?

ಮಾರಬೇಡಿ. ಆದರೆ ಟರ್ಬೊ ಹಾಕಿಸುವ ಯೋಚನೆ ಸದ್ಯಕ್ಕೆ ಬಿಟ್ಟುಬಿಡಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ನಾಲ್ಕೈದು ಸುತ್ತಿಗೇ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ ಎಂದಿದ್ದೀರಿ. ಪವರ್ ಹೆಚ್ಚಿಸಿದರೆ ಮೂರನೇ ಸುತ್ತಿಗೇ ಹಾಗಾದೀತು, ಅಷ್ಟೆ! ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು; ತೇವ ಸೇರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಕುದಿದಾಗ ಏಳುವ ಆವಿಯ ಗುಳ್ಳೆಗಳನ್ನೇ ನಿಮ್ಮ ಕಾಲು ಒತ್ತುತ್ತಿರುತ್ತದೆ. ಟ್ರ್ಯಾಕ್‌ಗೆ ಹೋಗುವ ಮುನ್ನ ಆಯಿಲ್ ಬದಲಿಸಿ, ಟ್ರ್ಯಾಕ್‌ಗೆಂದೇ ಬರುವ ಪ್ಯಾಡ್ ಹಾಕಿಸಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅವು ಕಿರುಗುಟ್ಟುತ್ತವೆ, ಸಹಿಸಿಕೊಳ್ಳಿ.

ನಿಮ್ಮದು 2007ರ ಗಾಡಿ. ಆ ಪೀಳಿಗೆಯ ಇಂಜಿನ್‌ನ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಕೈಕೊಡುವುದು ಅಪರೂಪ. ಕೊಟ್ಟರೆ ಇಂಜಿನ್ನೇ ಹೋದಂತೆ. ಇಂಜಿನ್ ಪೂರ್ತಿ ಬಿಚ್ಚದೆ ಅದನ್ನು ಬದಲಿಸಲೂ ಆಗದು. ಹಾಗಾಗಿ ಪ್ರತಿ ಸರ್ವೀಸ್‌ನಲ್ಲಿ ಆಯಿಲ್ ಫಿಲ್ಟರ್ ಕೊಯ್ದು, ಲೋಹದ ಚೂರುಗಳಿವೆಯೇ ಎಂದು ನಿಮ್ಮೆದುರೇ ನೋಡಿಸಿ.

ಇನ್ನು ವಿಮೆ. ಮಾಮೂಲಿ ಪಾಲಿಸಿ ರೇಸ್, ವೇಗ ಪರೀಕ್ಷೆಗಳಲ್ಲಿ ಆದ ನಷ್ಟವನ್ನು ತುಂಬುವುದಿಲ್ಲ. ಅದೂ ಅಲ್ಲದೆ ಸೈಲೆನ್ಸರ್ ಬದಲಿಸಿದ ಮಾಡಿಫಿಕೇಶನ್ ವಿಷಯ ಕಂಪನಿಗೆ ತಿಳಿಸಿಲ್ಲ ಅಂತೀರಿ. ಈ ವಾರವೇ ಬರೆದು ತಿಳಿಸಿ. ಬಿಚ್ಚಿಟ್ಟ ಮೂಲ ಸೈಲೆನ್ಸರನ್ನು ಮಾತ್ರ ಗುಜರಿಗೆ ಕೊಡಬೇಡಿ.