ಕೃತಕ ಬುದ್ಧಿಮತ್ತೆಯ ಯುಗದಲ್ಲಿ ಕೃತಿಸ್ವಾಮ್ಯ: ಉದ್ದಿಮೆದಾರರು ಅರಿಯಬೇಕಾದ ಅಂಶಗಳು

ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕದ ಬಿಡಿಭಾಗಗಳು, ವಡಗಾವಿ, ಶಹಾಪುರ, ಖಾಸಬಾಗಗಳ ಮಗ್ಗಗಳಲ್ಲಿ ಸೀರೆಗಳು, ಖಾನಾಪುರದ ಕಡೆ ಹೆಂಚು ಮತ್ತು ಮಡಿಕೆಗಳು, ನಗರದ ಅಂಗಡಿಗಳಲ್ಲಿ ಕುಂದಾ. ನಮ್ಮ ಭಾಗದ ವಾಣಿಜ್ಯವೆಂದರೆ ತೂಗಿ ಅಳೆದು ಕೊಡುವ ಸರಕು. ಆದರೆ ಇಂಥ ಪ್ರತಿಯೊಂದು ಸರಕಿನ ಹಿಂದೆ ತಕ್ಕಡಿಗೆ ಸಿಗದ ಮತ್ತೊಂದು ಆಸ್ತಿ ಇರುತ್ತದೆ. ಡಬ್ಬಿಯ ಮೇಲಿನ ಚಿತ್ರ, ಸೆರಗಿನ ವಿನ್ಯಾಸ, ಬಿಡಿಭಾಗದ ನಕ್ಷೆ, ಜಾಹೀರಾತಿನ ಬರಹ ಇವೆಲ್ಲವೂ ಬೌದ್ಧಿಕ ಆಸ್ತಿಗಳೇ.

ಇವುಗಳನ್ನು ಈವರೆಗೆ ಕಲಾವಿದರಿಂದಲೋ ಮುದ್ರಣಾಲಯದವರಿಂದಲೋ ಮಾಡಿಸುತ್ತಿದ್ದೆವು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ನಾಲ್ಕು ಸಾಲಿನ ಸೂಚನೆ ಕೊಟ್ಟರೆ ಕ್ಷಣಾರ್ಧದಲ್ಲಿ ಚಿತ್ರ ಸಿದ್ಧವಾಗುತ್ತದೆ. ಖರ್ಚು ಉಳಿಯುವುದು ನಿಜ. ಆದರೆ ಹಾಗೆ ದೊರೆತ ಚಿತ್ರದ ಒಡೆಯರು ಯಾರು? ನಾಳೆ ಬೇರೊಬ್ಬರು ಅದನ್ನೇ ಬಳಸಿದರೆ ತಡೆಯುವ ಹಕ್ಕು ನಮಗುಂಟೆ? ಈ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕಾನೂನಿನ ಮೂಲ ತತ್ವ

ನಮ್ಮ ದೇಶದ ಕೃತಿಸ್ವಾಮ್ಯ ಅಧಿನಿಯಮವು 1957ರಲ್ಲಿ ರಚನೆಯಾಗಿ 1958ರ ಜನವರಿ 21ರಿಂದ ಜಾರಿಗೆ ಬಂದಿತು. ಇದು ಕಲ್ಪನೆಯನ್ನಲ್ಲ, ಕಲ್ಪನೆಗೆ ಕೊಟ್ಟ ರೂಪವನ್ನು ರಕ್ಷಿಸುತ್ತದೆ. ಹಕ್ಕು ಹುಟ್ಟಲು ನೋಂದಣಿ ಕಡ್ಡಾಯವಲ್ಲ. ಕೃತಿ ರಚನೆಯಾದೊಡನೆ ಹಕ್ಕು ಉಂಟಾಗುತ್ತದೆ. ಆದರೆ ಕೃತಿ ಸ್ವಂತದ್ದಾಗಿರಬೇಕು. ಕೇವಲ ಶ್ರಮ ಮತ್ತು ಹಣ ಹಾಕಿದ್ದರೆ ಸಾಲದು, ಕೌಶಲ, ವಿವೇಚನೆ ಮತ್ತು ಅಲ್ಪಮಟ್ಟಿನ ಸೃಜನಶೀಲತೆಯಾದರೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಹಣ ಕೊಟ್ಟವರೆಲ್ಲ ಒಡೆಯರಲ್ಲ

ಕಲಂ 17ರ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಬಳದ ನೌಕರರು ಕೆಲಸದ ಭಾಗವಾಗಿ ರಚಿಸಿದ ಕೃತಿಯ ಹಕ್ಕು ಮಾಲೀಕರದು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ ಅಥವಾ ಬರೆಸಿದ ವರ್ಣಚಿತ್ರದ ಹಕ್ಕು ಹಣ ಕೊಟ್ಟವರದು. ಆದರೆ ಹೊರಗಿನವರಿಂದ ಮಾಡಿಸಿದ ಬರಹ, ಲಾಂಛನ, ನಕ್ಷೆ ಮುಂತಾದವುಗಳ ಹಕ್ಕು ಸಾಮಾನ್ಯವಾಗಿ ರಚಿಸಿದವರಲ್ಲೇ ಉಳಿಯುತ್ತದೆ. ಕಲಂ 19ರಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿ ಹೊಂದಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಗಳಿಗೆ ಮಾತ್ರ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ರಫ್ತುದಾರರು ಇದನ್ನು ವಿಶೇಷವಾಗಿ ಗಮನಿಸಬೇಕು.

ಲಿಖಿತ ದಾಖಲೆಯ ಬೆಲೆಯನ್ನು ನಮ್ಮ ರಾಜ್ಯದ್ದೇ ಒಂದು ಪ್ರಕರಣ ತೋರಿಸಿಕೊಟ್ಟಿದೆ. ಡಾ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕಿನ ಕುರಿತು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆ ಹಾಗೂ ಕಾರಂತರ ಉಯಿಲಿನ ಫಲಾನುಭವಿಯ ನಡುವೆ ವ್ಯಾಜ್ಯ ನಡೆಯಿತು. ಕಾರಂತರು 1994ರಲ್ಲಿ ಬರೆದ ಉಯಿಲಿನಂತೆ ಹಕ್ಕು ಫಲಾನುಭವಿಗೆ ಸಲ್ಲುತ್ತದೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಎತ್ತಿಹಿಡಿಯಿತು. ಜೊತೆಗೆ, ಕಾನೂನು ವಿನಾಯಿತಿ ನೀಡಿರುವ ಶೈಕ್ಷಣಿಕ ಪ್ರದರ್ಶನಗಳಿಗೆ ಅಡ್ಡಿಯಿಲ್ಲವೆಂದೂ ಹೇಳಿತು. ಕಲೆಯ ಕ್ಷೇತ್ರದಲ್ಲೇ ಕಾಗದಪತ್ರ ಇಷ್ಟು ನಿರ್ಣಾಯಕವಾದರೆ, ವ್ಯಾಪಾರದಲ್ಲಿ ಅದರ ಅಗತ್ಯವನ್ನು ಹೇಳಬೇಕಾಗಿಲ್ಲ.

ಯಂತ್ರಕ್ಕೆ ಕರ್ತೃತ್ವವುಂಟೆ?

1994ರ ತಿದ್ದುಪಡಿಯಂತೆ, ಗಣಕಯಂತ್ರದಿಂದ ಉತ್ಪನ್ನವಾದ ಕೃತಿಗೆ ಅದು ರಚನೆಯಾಗಲು ಕಾರಣರಾದ ವ್ಯಕ್ತಿಯೇ ಕರ್ತೃ. ಗಣಕಯಂತ್ರವು ಲೇಖನಿಯಂತೆ ಕೇವಲ ಸಾಧನವಾಗಿದ್ದ ಕಾಲದ ನಿಯಮವಿದು. ಇಂದಿನ ತಂತ್ರಾಂಶದಲ್ಲಿ ರೇಖೆ, ಬಣ್ಣ, ಜೋಡಣೆ ಎಲ್ಲವನ್ನೂ ಯಂತ್ರವೇ ನಿರ್ಧರಿಸುವುದರಿಂದ ಗೊಂದಲ ಉಂಟಾಗಿದೆ. 2020ರಲ್ಲಿ ರಾಘವ್ ಎಂಬ ತಂತ್ರಾಂಶವನ್ನು ಸಹಕರ್ತೃವೆಂದು ನಮೂದಿಸಿದ ಚಿತ್ರವೊಂದನ್ನು ನೋಂದಾಯಿಸಿದ್ದ ನಮ್ಮ ಕೃತಿಸ್ವಾಮ್ಯ ಕಚೇರಿಯು, ಮರುವರ್ಷವೇ ಅದನ್ನು ಹಿಂತೆಗೆದುಕೊಳ್ಳುವ ಸೂಚನಾಪತ್ರ ಹೊರಡಿಸಿತು. ಮಾನವ ಕರ್ತೃವಿಲ್ಲದೆ ಕೃತಿಸ್ವಾಮ್ಯವಿಲ್ಲವೆಂದು ಅಮೆರಿಕದ ನ್ಯಾಯಾಲಯಗಳು 2023 ಮತ್ತು 2025ರಲ್ಲಿ ತೀರ್ಪಿತ್ತಿವೆ. ಆದರೆ ಬೀಜಿಂಗಿನ ಇಂಟರ್ನೆಟ್ ನ್ಯಾಯಾಲಯವು 2023ರಲ್ಲಿ, ಬಳಕೆದಾರನು ಸೂಚನೆಗಳನ್ನು ಮತ್ತೆಮತ್ತೆ ತಿದ್ದಿ ಚಿತ್ರವನ್ನು ರೂಪಿಸಿದ್ದನ್ನು ಗಮನಿಸಿ, ಅವನ ಹಕ್ಕನ್ನು ಮಾನ್ಯ ಮಾಡಿತು. ತೀರ್ಪುಗಳು ಬೇರೆಯಾದರೂ ಅವು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಮನುಷ್ಯನ ಕೈವಾಡ ಎಷ್ಟು?

ಶಿವಬಸವ ನಗರದ ಸಿಹಿತಿಂಡಿ ತಯಾರಕರೊಬ್ಬರು ಕುಂದಾ ಡಬ್ಬಿಗೆ ಯಂತ್ರ ಕೊಟ್ಟ ಚಿತ್ರವನ್ನೇ ಅಚ್ಚು ಹಾಕಿಸಿದರೆಂದು ಊಹಿಸೋಣ. ಸ್ಪರ್ಧಿಯೊಬ್ಬರು ಅದನ್ನು ನಕಲು ಮಾಡಿದಾಗ, ಇದರಲ್ಲಿ ನಿಮ್ಮ ಕೌಶಲವೇನು ಎಂಬ ಪ್ರಶ್ನೆಗೆ ಅವರ ಬಳಿ ಗಟ್ಟಿಯಾದ ಉತ್ತರವಿರದು. ಅದೇ ಚಿತ್ರವನ್ನು ಕಲಾವಿದರಿಂದ ತಿದ್ದಿಸಿ, ಅಕ್ಷರ ಮತ್ತು ಬಣ್ಣಗಳನ್ನು ಆಯ್ದು, ಕರಡುಗಳನ್ನು ಕಾದಿರಿಸಿದ್ದರೆ ವಾದಕ್ಕೆ ನೆಲೆ ದೊರೆಯುತ್ತದೆ.

ಇನ್ನೊಂದು ಅಪಾಯವೂ ಇದೆ. ಯಂತ್ರವು ಅನ್ಯರ ಕೃತಿಗಳಿಂದ ಕಲಿತಿರುತ್ತದೆ. ಹಾಗೆ ಕಲಿಸುವುದು ಉಲ್ಲಂಘನೆಯೇ ಎಂಬ ಪ್ರಶ್ನೆಯನ್ನು ಎ.ಎನ್.ಐ. ಸುದ್ದಿಸಂಸ್ಥೆಯು 2024ರಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯದ ಮುಂದಿಟ್ಟಿತು. ಅದೇನೇ ಇರಲಿ, ನಮ್ಮ ಡಬ್ಬಿಯ ಮೇಲಿನ ಚಿತ್ರ ಇನ್ನೊಬ್ಬರ ಕೃತಿಯ ನಕಲಾಗಿದ್ದರೆ ಯಂತ್ರ ಮಾಡಿದ್ದೆಂಬ ಸಮಜಾಯಿಷಿ ತಡೆಯಾಜ್ಞೆಯಿಂದ ನಮ್ಮನ್ನು ಪಾರು ಮಾಡದು. ತಿಳಿದೂ ಉಲ್ಲಂಘಿಸಿದವರಿಗೆ ಕಲಂ 63ರಲ್ಲಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವಿದೆ.

ನೇಕಾರರು ಮತ್ತು ಫೌಂಡ್ರಿ ಮಾಲೀಕರಿಗೆ

ಕಲಂ 15ರ ಪ್ರಕಾರ, ವಿನ್ಯಾಸ ಅಧಿನಿಯಮ, 2000ರಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ವಿದ್ಯುತ್ ಮಗ್ಗಕ್ಕೆ 50 ಸೀರೆ ದೊಡ್ಡ ಸಂಖ್ಯೆಯೇನಲ್ಲ. ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ವಿನ್ಯಾಸ ಹೊಸದಾಗಿರಬೇಕು. ಅರ್ಜಿಗೆ ಮೊದಲೇ ಅದರ ಚಿತ್ರವನ್ನು ವಾಟ್ಸ್ಆ್ಯಪ್ ಮೂಲಕ ಗ್ರಾಹಕರಿಗೆಲ್ಲ ಹಂಚಿದರೆ ಹೊಸತೆಂಬ ಅರ್ಹತೆಯೇ ಹೋಗಬಹುದು.

ನಕ್ಷೆ ನೋಡಿ ಉಪಕರಣವೊಂದರ ಕೇವಲ ಕಾರ್ಯೋಪಯೋಗಿ ಭಾಗವನ್ನು ತಯಾರಿಸುವುದು ಕಲಂ 52ರ ಮೇರೆಗೆ ಉಲ್ಲಂಘನೆಯಲ್ಲ. ಆದಕಾರಣ ಬಿಡಿಭಾಗಗಳ ತಯಾರಕರು ಕೃತಿಸ್ವಾಮ್ಯವೊಂದನ್ನೇ ನಂಬದೆ ಗೋಪ್ಯತೆಯ ಕರಾರನ್ನು ಮಾಡಿಕೊಳ್ಳಬೇಕು. ಗ್ರಾಹಕ ಕಂಪನಿ ಕೊಟ್ಟ ನಕ್ಷೆಯನ್ನು ಸಾರ್ವಜನಿಕ ತಂತ್ರಾಂಶಕ್ಕೆ ಏರಿಸಿದರೆ ಅಂಥ ಕರಾರನ್ನು ನಾವೇ ಮುರಿದಂತಾದೀತು.

ಅನುಸರಿಸಬೇಕಾದ ಕ್ರಮಗಳು

1. ಹೊರಗಿನವರಿಂದ ಕೆಲಸ ಮಾಡಿಸುವಾಗ ಹಕ್ಕು, ಅವಧಿ, ಪ್ರದೇಶ ಮತ್ತು ಸಂಭಾವನೆಯನ್ನು ನಮೂದಿಸಿ ಸಹಿ ಪಡೆಯಿರಿ. ತಂತ್ರಾಂಶ ಬಳಸಿದ್ದಾರೆಯೇ ಎಂಬುದನ್ನೂ ಬರೆಯಿಸಿಕೊಳ್ಳಿ.

2. ಸೂಚನೆಗಳು, ಕರಡುಗಳು, ತಿದ್ದುಪಡಿಗಳು ಇವೆಲ್ಲವನ್ನೂ ದಿನಾಂಕ ಸಹಿತ ಕಾದಿರಿಸಿ.

3. ತಂತ್ರಾಂಶದ ಷರತ್ತುಗಳಲ್ಲಿ ವಾಣಿಜ್ಯ ಬಳಕೆಗೆ ಅನುಮತಿ ಇದೆಯೇ ನೋಡಿ.

4. ವ್ಯಾಪಾರದ ಹೆಸರು ಮತ್ತು ಲೇಬಲ್ಲನ್ನು ವ್ಯಾಪಾರಮುದ್ರೆಗಳ ಅಧಿನಿಯಮ, 1999ರಡಿ ನೋಂದಾಯಿಸಿ. ಚಿತ್ರ ಬರೆದವರು ಯಾರೆಂಬುದು ಅಲ್ಲಿ ಮುಖ್ಯವಲ್ಲ. ಸರಕು ಯಾರದೆಂದು ಗುರುತಿಸುವುದೇ ಮುಖ್ಯ.

5. ಲೇಬಲ್ಲಿನ ಕೃತಿಸ್ವಾಮ್ಯವನ್ನೂ ನೋಂದಾಯಿಸುವುದಾದರೆ ವ್ಯಾಪಾರಮುದ್ರೆ ಕಚೇರಿಯ ಶೋಧನಾ ಪ್ರಮಾಣಪತ್ರ ಬೇಕೆಂಬುದು ನೆನಪಿರಲಿ.

ಉಲ್ಲಂಘನೆಯಾದಲ್ಲಿ, ಕಲಂ 62ರಂತೆ, ವ್ಯವಹಾರ ನಡೆಸುವ ಸ್ಥಳದ ವ್ಯಾಪ್ತಿಯ ನ್ಯಾಯಾಲಯದಲ್ಲೇ ದಾವೆ ಹೂಡಲು ಅವಕಾಶವಿದೆ. ಬೆಳಗಾವಿಯ ವರ್ತಕರು ಎದುರಾಳಿಯ ಊರಿಗೆ ಅಲೆಯಬೇಕಾಗಿಲ್ಲ. ಆದರೆ ಅಲ್ಲಿ ಮಾತನಾಡುವುದು ದಾಖಲೆಗಳೇ. ಯಂತ್ರದಿಂದ ಸರಕಿಗೆ ಅಂದವಾದ ಮುಖ ದೊರೆತೀತು. ಆ ಮುಖ ತನ್ನದೆಂದು ರುಜುವಾತುಪಡಿಸುವ ಹೊಣೆ ಮಾತ್ರ ಉದ್ದಿಮೆದಾರರದೇ ಆಗಿದೆ.