ದಾರ ಹೇಳಿದ ದೂರ: ಯೆಲ್ಲೋನೈಫ್‌ನಿಂದ ಇಕಾಲುಯಿಟ್‌ಗೆ

ತರಗತಿ: 9. ವಿಷಯ: ಸಮಾಜ ವಿಜ್ಞಾನ (ಅಕ್ಷಾಂಶ, ರೇಖಾಂಶ, ಸ್ಥಳೀಯ ವೇಳೆ). ಅವಧಿ: 2.
ಉಪಕರಣಗಳು: ಮರ್ಕೇಟರ್ ಪ್ರಕ್ಷೇಪದ ಗೋಡೆ ಭೂಪಟ, 30 ಸೆಂ.ಮೀ. ವ್ಯಾಸದ ಗೋಳ, ದಾರ, ಅಳತೆಪಟ್ಟಿ.

ಕೆನಡಾದ ಉತ್ತರದಲ್ಲಿರುವ ಎರಡು ಊರುಗಳನ್ನು ಪಾಠಕ್ಕೆ ಆರಿಸಿಕೊಂಡಿದ್ದೆ. ಗ್ರೇಟ್ ಸ್ಲೇವ್ ಸರೋವರದ ದಡದ ಯೆಲ್ಲೋನೈಫ್ ವಾಯವ್ಯ ಪ್ರಾಂತ್ಯಗಳ ರಾಜಧಾನಿ. ಬ್ಯಾಫಿನ್ ದ್ವೀಪದ ಇಕಾಲುಯಿಟ್ 1999ರಲ್ಲಿ ರೂಪುಗೊಂಡ ನುನಾವುಟ್‌ನ ರಾಜಧಾನಿ. ಇವೆರಡರ ನಡುವೆ ರಸ್ತೆಯಿಲ್ಲ. ಆದ್ದರಿಂದ 'ವಿಮಾನಕ್ಕೆ ಎಷ್ಟು ಹೊತ್ತು?' ಎಂಬ ಪ್ರಶ್ನೆ ಮಕ್ಕಳಿಗೆ ಸಹಜವಾಗಿಯೇ ಹುಟ್ಟಿತು.

ಮೊದಲ ಅವಧಿಯಲ್ಲಿ ಗೋಡೆ ಭೂಪಟದ ಮೇಲೆ ದಾರ ಹಿಡಿದು, ಕೆಳಗೆ ಮುದ್ರಿಸಿದ್ದ ಸಮಭಾಜಕದ ಅಳತೆಮಾನದಿಂದ ಲೆಕ್ಕ ಹಾಕಿಸಿದೆ. ಸುಮಾರು 5,100 ಕಿ.ಮೀ. ಬಂತು. ಗಂಟೆಗೆ 750 ಕಿ.ಮೀ. ವೇಗವೆಂದು ಇಟ್ಟುಕೊಂಡರೆ 6 ಗಂಟೆ 48 ನಿಮಿಷ. ಅಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ, "ಸಾರ್, ಗೋಳದ ಮೇಲೆ ಇದರ ಅರ್ಧವೂ ಬರ್ತಿಲ್ಲ" ಎಂದಳು. "ಗೋಳ ಚಿಕ್ಕದು, ಅಳತೆ ತಪ್ಪಾಗುತ್ತೆ" ಎಂದು ಹೇಳಿ, ಅವಳು ಹಲಗೆಯ ಮೇಲೆ ಬರೆದಿದ್ದ ಸಂಖ್ಯೆಯನ್ನು ಅಳಿಸಿಬಿಟ್ಟೆ. ಅವಳು ಸುಮ್ಮನೆ ಹೋಗಿ ಕುಳಿತಳು.

ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ಅಳಿಸುವ ಮೊದಲು ಅಳೆದು ನೋಡಿದಿರಾ?" ಸಂಜೆ ನಾನೇ ಅಳೆದೆ. ಗೋಳದ ಸುತ್ತಳತೆ ಸುಮಾರು 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ಅಂದರೆ 1 ಸೆಂ.ಮೀ.ಗೆ ಸುಮಾರು 425 ಕಿ.ಮೀ. ಬಿಗಿಯಾಗಿ ಎಳೆದ ದಾರ 5.3 ಸೆಂ.ಮೀ. ಇತ್ತು, ದೂರ ಸುಮಾರು 2,250 ಕಿ.ಮೀ. ಹುಡುಗಿಯ ಉತ್ತರವೇ ಸರಿ.

ಎರಡನೆಯ ಅವಧಿಯನ್ನು ನನ್ನ ತಪ್ಪನ್ನು ಒಪ್ಪಿಕೊಂಡೇ ಆರಂಭಿಸಿದೆ. ಅವಳನ್ನೇ ಮುಂದೆ ಕರೆದು ಗೋಳದ ಮೇಲೆ ಅಳೆಯಲು ಹೇಳಿದೆ. ಆಮೇಲೆ ಮಕ್ಕಳು ಗುಂಪುಗಳಲ್ಲಿ ಸಮಭಾಜಕದ ಸುತ್ತ, 60° ಉತ್ತರ ಅಕ್ಷಾಂಶದ ಸುತ್ತ ದಾರ ಸುತ್ತಿದರು: ಒಂದು 94, ಇನ್ನೊಂದು 47 ಸೆಂ.ಮೀ. ರೇಖಾಂಶಗಳು ಧ್ರುವದತ್ತ ಒಂದನ್ನೊಂದು ಸಮೀಪಿಸುತ್ತವೆ. ಮರ್ಕೇಟರ್ ಭೂಪಟ ಅವನ್ನು ಸಮಾನಾಂತರವಾಗಿ ಎಳೆಯುತ್ತದೆ. ಹಾಗಾಗಿ 60°ಯಲ್ಲಿ ದೂರ ಇಮ್ಮಡಿಯಾಗಿ ಕಾಣುತ್ತದೆ. ನಮ್ಮ ಊರುಗಳು ಅದಕ್ಕೂ ಉತ್ತರಕ್ಕಿರುವುದರಿಂದ ವ್ಯತ್ಯಾಸ ಇನ್ನೂ ಹೆಚ್ಚು.

"ಹಾಗಾದರೆ ಮಂಗಳೂರು–ಬೆಂಗಳೂರು ಲೆಕ್ಕ ಹೇಗೆ ಸರಿಯಾಯಿತು?" ಎಂದು ಒಬ್ಬ ಕೇಳಿದ. ಅವು ಸುಮಾರು 13° ಅಕ್ಷಾಂಶದಲ್ಲಿವೆ. ಅಲ್ಲಿ ಹಿಗ್ಗುವಿಕೆ ನೂರಕ್ಕೆ ಮೂರರಷ್ಟೂ ಇಲ್ಲ. ನಮ್ಮೂರಲ್ಲಿ ನಡೆದ ವಿಧಾನ ಎಲ್ಲೆಡೆ ನಡೆಯುತ್ತದೆಂದು ನಾನು ನಂಬಿದ್ದೇ ತಪ್ಪಿನ ಮೂಲ.

ಈಗ ಹಾರಾಟದ ಕಾಲ 3 ಗಂಟೆ. ನಿಲುಗಡೆ, ಗಾಳಿ, ಏರಿಳಿಯುವ ಸಮಯವನ್ನು ಇಲ್ಲಿ ಸೇರಿಸಿಲ್ಲ. ಇಕಾಲುಯಿಟ್ ಗಡಿಯಾರ 2 ಗಂಟೆ ಮುಂದಿದೆ. ಯೆಲ್ಲೋನೈಫ್‌ನಲ್ಲಿ ಬೆಳಿಗ್ಗೆ 9ಕ್ಕೆ ಹೊರಟರೆ ಅಲ್ಲಿನ ಮಧ್ಯಾಹ್ನ 2ಕ್ಕೆ ಇಳಿಯುತ್ತೇವೆ. ಇಕಾಲುಯಿಟ್‌ನಿಂದ 9ಕ್ಕೆ ಹೊರಟರೆ ಯೆಲ್ಲೋನೈಫ್‌ನ ಬೆಳಿಗ್ಗೆ 10ಕ್ಕೆ. "ಬರೋದು ಒಂದೇ ಗಂಟೆ!" ಎಂದು ತರಗತಿ ನಕ್ಕಿತು. ಗಡಿಯಾರ ತೋರಿಸುವ ಅಂತರ ಬೇರೆ, ಕಳೆದ ಕಾಲ ಬೇರೆ ಎಂಬುದನ್ನು ಆ ನಗುವಿನ ನಡುವೆಯೇ ಬಿಡಿಸಿ ಹೇಳಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸೂಚನೆ ಎರಡು. ದೂರ ಅಳೆಸುವ ಪಾಠಕ್ಕೆ ಭೂಪಟದ ಜೊತೆ ಗೋಳವನ್ನೂ ಒಯ್ಯಿರಿ. ಪಾಠಯೋಜನೆಯಲ್ಲಿಲ್ಲದ ಉತ್ತರ ಬಂದರೆ ಹಲಗೆಯ ಒಂದು ಮೂಲೆಯಲ್ಲಿ ಅದನ್ನು ಹಾಗೆಯೇ ಉಳಿಸಿ, ಅಳೆದು ನೋಡಿ.